ಬಾಟ್ಲಿ ತರಂಗಿಲ್ಲ, ಹಾಲಿಗೆ ರೊಕ್ಕ ಇಲ್ಲ

ನನ್ನ ಟೀಮ್‌ನಲ್ಲಿರುವ ಮಂಗಳೂರಿನ ಗೆಳೆಯನಿಗೆ ಬಿಯರ್ ಕುಡಿಯೋದಕ್ಕಿಂತ ಅದರ ಬಗ್ಗೆ ಮಾತಾಡೋದು ಇಷ್ಟ. ಬೆಂಗಳೂರಿನ ಯಾವ ಮೈಕ್ರೋಬ್ರೂವರಿಗೆ ಹೋದರೂ ಗಾಜಿನ ಹಿಂದೆ ನಿಂತ ಸ್ಟೀಲ್ ಟ್ಯಾಂಕುಗಳ ಮುಂದೆ ಹತ್ತು ನಿಮಿಷ ನಿಲ್ಲಲೇಬೇಕು. ಕಂಪನಿ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದಾಗ ರಜೆ ಹಾಕಿ ಕಾರ್ನ್‌ವಾಲ್ ಸೀಮೆಯ ಹೆಲ್‌ಸ್ಟನ್ ಎಂಬ ಊರನ್ನು ನೋಡಿ ಬಂದವನು. ಅಲ್ಲಿ ಬ್ಲೂ ಆಂಕರ್ ಅಂತ ಬಹಳ ಹಳೆಯ ಪಬ್ ಇದೆ. ಸ್ಪಿಂಗೋ ಅನ್ನುವ ಏಲ್ ಅನ್ನು ಅದೇ ಜಾಗದ ಹಿಂಭಾಗದಲ್ಲಿ ತಯಾರಿಸಿ ಮುಂಭಾಗದಲ್ಲಿ ಕೊಡುತ್ತಾರೆ.

"ನಿಮ್ಮ ಬೆಳಗಾವಿ ಕಡೆ ಹಾಗೆ ಏನಾದ್ರೂ ಉಂಟಾ ಮಾರಾಯ? ಊರಿನವರೇ ಮಾಡಿ, ಊರಿನವರೇ ಕೂತು ಕುಡಿಯುವ ಜಾಗ?" ಅಂತ ಒಂದು ದಿನ ಕೇಳಿದ.

ನನ್ನ ತಾಯಿಯ ತವರು ಮೂಡಲಗಿ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ಯೋಚಿಸಿ, "ಐತಿ, ಆದ್ರ ಅಲ್ಲಿ ನಿಶೆ ಏರಂಗಿಲ್ಲ" ಅಂದೆ. 2025ರ ಡಿಸೆಂಬರಿನ ಒಂದು ಶುಕ್ರವಾರ ರಾತ್ರಿ ಇಬ್ಬರೂ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು.

ಶೇಂದಿ, ಸಾರಾಯಿ, ಕ್ವಾರ್ಟರ್

ಅವನ ಊರಿನ ಕಥೆ ಬೇರೆ. ದಕ್ಷಿಣ ಕನ್ನಡ, ಉಡುಪಿ ಕಡೆ ಮೂರ್ತೆದಾರರು ಇವತ್ತಿಗೂ ಮರ ಹತ್ತಿ ಶೇಂದಿ ಇಳಿಸುತ್ತಾರೆ. ಅದನ್ನು ಮಾರುವ ಗಡಂಗುಗಳಿವೆ. ಬೆಳಿಗ್ಗೆ ಇಳಿಸಿದ್ದು ಸಿಹಿ, ಸಂಜೆಯ ಹೊತ್ತಿಗೆ ಹುಳಿ ಮತ್ತು ಮತ್ತು. ಮರದ ರಸವನ್ನು ಯಾರೂ ಏನೂ ಮಾಡಬೇಕಿಲ್ಲ, ಗಾಳಿಯಲ್ಲಿರುವ ಯೀಸ್ಟ್ ತಾನೇ ಕೆಲಸ ಮುಗಿಸುತ್ತದೆ. ಹೆಲ್‌ಸ್ಟನ್ ಪಬ್ಬಿಗೆ ಕರ್ನಾಟಕದಲ್ಲಿ ಹತ್ತಿರದ ಬಂಧು ಅಂದರೆ ಆ ಗಡಂಗೇ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಅಂಥದ್ದಿಲ್ಲ. ಇಲ್ಲಿ ಮನೆಯಲ್ಲಿ ಹುಳಿ ಬರಿಸಿ ಕುಡಿಯುವುದು ಅಂದರೆ ಜೋಳದ ಅಂಬಲಿ. ಹೊರಗೆ ಸಿಗುತ್ತಿದ್ದುದು ಸಾರಾಯಿ. ಪಾಕೀಟಿನಲ್ಲಿ ಬರುತ್ತಿತ್ತು, ಹಲ್ಲಲ್ಲಿ ಕಚ್ಚಿ ಹರಿದು ಅಲ್ಲೇ ನಿಂತು ಕುಡಿದು ಹೋಗುವಂಥದ್ದು. ಹರಿದ ಪಾಕೀಟುಗಳು ಹೊಲದ ಬದುವಿನ ತುಂಬ ಬಿದ್ದಿರುತ್ತಿದ್ದವು ಅಂತ ಅವ್ವ ಈಗಲೂ ಹೇಳುತ್ತಾಳೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಕುಡಿಯುವವರು ಬಂದ್ ಆಗಲಿಲ್ಲ. ಪಾಕೀಟಿನ ಜಾಗಕ್ಕೆ ವೈನ್ ಶಾಪಿನ ಕ್ವಾರ್ಟರ್ ಬಂತು, ಅಷ್ಟೇ.

"ಹಾಗಾದ್ರೆ ನಾವು ಹೋಗ್ತಿರೋದು ಎಲ್ಲಿಗೆ?" ಅಂದ.

"ಗಾಣಕ್ಕ."

ಮಂಡ್ಯ, ಮಲೆನಾಡಿನವರು ಆಲೆಮನೆ ಅನ್ನುತ್ತಾರೆ. ನಮ್ಮ ಕಡೆ ಕಬ್ಬು ಹಿಂಡಿ ಬೆಲ್ಲ ಮಾಡುವ ಜಾಗಕ್ಕೆ ಗಾಣ ಅಂತಲೇ ಹೆಸರು. ಕಬ್ಬಿನ ರಸಕ್ಕೆ ಇಲ್ಲಿ ಯಾರೂ ಜ್ಯೂಸ್ ಅನ್ನುವುದಿಲ್ಲ, ಹಾಲು ಅನ್ನುತ್ತಾರೆ. ಚಳಿಗಾಲ ಬಂತೆಂದರೆ "ಗಾಣ ಹೂಡ್ಯಾರ, ಹಾಲು ಕುಡ್ಯಾಕ ಹೋಗೂನು" ಅಂತ ಮಕ್ಕಳಿಂದ ಮುದುಕರವರೆಗೆ ಹೊರಡುತ್ತಾರೆ.

ಮೊದಲು ನೀರಿನ ಲೆಕ್ಕ

ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದು ಮೊದಲು ಗೋಕಾಕ ಫಾಲ್ಸ್‌ಗೆ ಹೋದೆವು. ಸುಮಾರು 52 ಮೀಟರ್ ಎತ್ತರದಿಂದ ಬೀಳುವ ಘಟಪ್ರಭಾ ನದಿ ಮಳೆಗಾಲದಲ್ಲಿ ಕೆಂಪಗೆ ಗರ್ಜಿಸುತ್ತದೆ. ಡಿಸೆಂಬರಿನಲ್ಲಿ ಬಂಡೆ ಮೇಲೆ ಎರಡು ಬಿಳಿ ಎಳೆ ಮಾತ್ರ. ಈ ನೀರಿನ ಬಲದಿಂದಲೇ 1887ರ ಹೊತ್ತಿಗೆ ಪಕ್ಕದ ಹತ್ತಿ ಗಿರಣಿ ನಡೆಯುತ್ತಿತ್ತು.

"ನೀರೆಲ್ಲ ಎಲ್ಲಿ ಹೋಯ್ತು?" ಅಂತ ಗೆಳೆಯ ಕೇಳಿದ. ಮೂಡಲಗಿ ರಸ್ತೆ ಹಿಡಿದ ಮೇಲೆ ಉತ್ತರ ತಾನೇ ಸಿಕ್ಕಿತು. ಎರಡೂ ಕಡೆ ಆಳೆತ್ತರದ ಕಬ್ಬು. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಇದೇ ನದಿಗೆ ಕಟ್ಟಿದ ಅಣೆಕಟ್ಟೆಗೆ 51 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿಂದ ಕಾಲುವೆ ಹಿಡಿದು ಬಂದ ನೀರು ಈ ಮೂರು ತಾಲ್ಲೂಕುಗಳ ದೊಡ್ಡ ಭಾಗವನ್ನು ಕಬ್ಬಿನ ಸೀಮೆ ಮಾಡಿದೆ.

ರಸ್ತೆ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಒಂದಕ್ಕೆ ಎರಡು ಟ್ರೇಲರ್, ಹಿಂದಿನ ಗಾಡಿಗೆ ದಾರಿ ಕಾಣದಷ್ಟು ಅಗಲ. ಎಲ್ಲವೂ ಹೊರಟಿದ್ದು ಸಕ್ಕರೆ ಕಾರ್ಖಾನೆಗಳ ಕಡೆಗೆ. ಗಾಣದ ಕಡೆ ತಿರುಗಿದ್ದು ಒಂದೇ ಒಂದು ಎತ್ತಿನ ಗಾಡಿ. ಅದು ನಮ್ಮ ಮಾಮಾನದು.

ಒಲಿ ಹತ್ತಿರ

ನಾವು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಹೊಲದ ನಡುವೆ ತಗಡಿನ ಚಪ್ಪರ, ಅದರಿಂದ ಏಳುವ ಬಿಳಿ ಹಬೆ, ಅರ್ಧ ಕಿಲೋಮೀಟರ್ ದೂರಕ್ಕೇ ಬರುವ ಬೆಲ್ಲದ ವಾಸನೆ. ಹತ್ತು ಹನ್ನೆರಡು ಜನ ಒಲೆಯ ಕಾವಿಗೆ ಸುತ್ತ ಕೂತಿದ್ದರು. ಅವರಲ್ಲಿ ಕೆಲಸದವರು ಯಾರು, ಸುಮ್ಮನೆ ಬಂದವರು ಯಾರು ಅಂತ ಗೊತ್ತಾಗುವಂತಿರಲಿಲ್ಲ.

"ಬರ್ರಿ, ಕುಂದರ್ರಿ. ಮೊದಲ ಹಾಲು ಕುಡೀರಿ, ಆಮ್ಯಾಲ ಮಾತು" ಅಂತ ಗಾಣದ ಮಾಲಕರು ಸ್ಟೀಲಿನ ಚರಿಗೆಯಲ್ಲೇ ತುಂಬಿ ಕೊಟ್ಟರು. ಐಸ್ ಇಲ್ಲ, ಲಿಂಬೆ ಇಲ್ಲ. ಡಿಸೆಂಬರಿನ ಚಳಿಗೆ ತಾನೇ ತಣ್ಣಗಾದ ಹಾಲು. ಗೆಳೆಯ ಒಂದು ಗುಟುಕು ಕುಡಿದು ಸುಮ್ಮನಾದ. ಆಮೇಲೆ ಮತ್ತೊಂದು ಚರಿಗೆ ಕೇಳಿದ.

ಅವನ ಬ್ಯಾಗಿನಲ್ಲಿ ಗೋಕಾಕದಲ್ಲಿ ಕೊಂಡ ಎರಡು ಬಿಯರ್ ಬಾಟಲಿ ಇದ್ದವು. ಬೆಂಕಿಯ ಮುಂದೆ ಕೂತು ಎರಡನ್ನೂ ಹೋಲಿಸಿ ನೋಡುವ ಆಸೆ. ಒಂದನ್ನು ಹೊರಗೆ ತೆಗೆದದ್ದೇ ತಡ, ಮಾಲಕರು ಎದ್ದು ಬಂದರು. ಸಿಟ್ಟಿನಿಂದಲ್ಲ, ಆದರೆ ಗಟ್ಟಿಯಾಗಿ ಹೇಳಿದರು: "ತಮ್ಮಾ, ಅದನ್ನ ಗಾಡ್ಯಾಗ ಇಟ್ಟ ಬಾ. ಬಾಟ್ಲಿ ತಂದಾಂವಗ ಇಲ್ಲಿ ಒಲಿ ಹತ್ತಿರ ಜಾಗಾ ಇಲ್ಲ."

ಕಾರಣವನ್ನೂ ಹೇಳಿದರು. ಕೆಲವು ವರ್ಷದ ಹಿಂದೆ ರಾತ್ರಿ ಪಾಳಿಯಲ್ಲಿ ಒಬ್ಬ ಆಳು ಕುಡಿದು ಬಂದಿದ್ದ. ಕಡಾಯಿ ಮೇಲಿನ ನೊರೆ ತೆಗೆಯುವಾಗ ಕಾಲು ಜಾರಿ ಮೊಣಕಾಲಿನವರೆಗೆ ಪಾಕದೊಳಗೆ ಹೋಯಿತು. ಕುದಿಯುವ ನೀರು ಬಿದ್ದರೆ ಹರಿದು ಹೋಗುತ್ತದೆ. ಪಾಕ ಮೈಗೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಆತ ಬದುಕಿದ, ಆದರೆ ಇವತ್ತಿಗೂ ಸರಿಯಾಗಿ ನಡೆಯಲಾರ. ಅವತ್ತಿನಿಂದ ಈ ಗಾಣದ ಕಾಯ್ದೆ ಇದು. ಆಳಿಗೂ ಅದೇ, ಬೀಗರಿಗೂ ಅದೇ.

ಗೆಳೆಯ ಮಾತಾಡದೆ ಹೋಗಿ ಬಾಟಲಿ ಇಟ್ಟು ಬಂದ.

ಹುಳಿಯೊಂದಿಗೆ ಓಟ

ಬಿಯರ್ ಮಾಡುವವರು ಯೀಸ್ಟ್‌ಗೆ ಕಾಯುತ್ತಾರೆ, ಗಾಣದವರು ಅದರಿಂದ ತಪ್ಪಿಸಿಕೊಂಡು ಓಡುತ್ತಾರೆ. ಹಿಂಡಿದ ಹಾಲನ್ನು ಹಾಗೇ ಬಿಟ್ಟರೆ ಕೆಲವು ತಾಸಿನಲ್ಲೇ ಹುಳಿಯಲು ಶುರು. ಹುಳಿತ ಹಾಲನ್ನು ಎಷ್ಟು ಕಾಸಿದರೂ ಬೆಲ್ಲ ಗಟ್ಟಿಯಾಗುವುದಿಲ್ಲ, ಜಿಗುಟಾಗಿ ಉಳಿಯುತ್ತದೆ. ಅದಕ್ಕೇ ಇಲ್ಲಿ ರಾತ್ರಿ ಹಗಲು ಅನ್ನುವುದಿಲ್ಲ. ಕಡಿದ ಕಬ್ಬು ತಡ ಮಾಡದೆ ಗಾಣಕ್ಕೆ ಬರಬೇಕು, ಹಿಂಡಿದ ಹಾಲು ಬೇಗ ಒಲೆಗೆ ಏರಬೇಕು.

ಹಾಲು ಕಾಯುತ್ತಿದ್ದಂತೆ ಸ್ವಲ್ಪ ಸುಣ್ಣದ ನೀರು ಹಾಕುತ್ತಾರೆ, ಬೆಂಡಿ ಗಿಡದ ಕಾಂಡ ಜಜ್ಜಿ ನೆನೆಸಿದ ಲೋಳೆ ಹಾಕುತ್ತಾರೆ. ಹಾಲಿನಲ್ಲಿದ್ದ ಕಸವೆಲ್ಲ ಆ ಲೋಳೆಗೆ ಅಂಟಿ ಹಸಿರು ನೊರೆಯಾಗಿ ಮೇಲೆ ಬರುತ್ತದೆ. ಉದ್ದ ಹಿಡಿಕೆಯ ಜರಡಿಯಿಂದ ಅದನ್ನು ತೆಗೆಯುತ್ತಲೇ ಇರಬೇಕು. ಉಕ್ಕಿ ಬಂದರೆ ನಾಲ್ಕು ಹನಿ ಎಣ್ಣೆ. ಒಲೆಗೆ ಸೌದೆ ಬೇಕಿಲ್ಲ, ಹಿಂಡಿ ಬಿಸಿಲಿಗೆ ಒಣಗಿಸಿದ ಕಬ್ಬಿನ ಸಿಪ್ಪೆಯೇ ಉರುವಲು. ಕಬ್ಬನ್ನು ಕಬ್ಬಿನಿಂದಲೇ ಬೇಯಿಸುವುದು.

ಎರಡು ಮೂರು ತಾಸಿನ ನಂತರ ಚಪ್ಪರದಲ್ಲಿ ಮಾತು ಕಡಿಮೆಯಾಗುತ್ತದೆ. ಎಲ್ಲರೂ ಪಾಕ ನೋಡುವ ಅಜ್ಜನ ಕೈ ನೋಡುತ್ತಾರೆ. ಆತ ಒಂದು ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಕಲ್ಲಿಗೆ ಹೊಡೆಯುತ್ತಾನೆ. 'ಟಣ್' ಅಂದರೆ ಆಯಿತು. ಪುಸ್ತಕದಲ್ಲಿ ಈ ಹಂತಕ್ಕೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ಅಂತ ಬರೆದಿರುತ್ತದೆ. ಅಜ್ಜ ಥರ್ಮಾಮೀಟರ್ ಮುಟ್ಟಿದವನಲ್ಲ. "ಒಂದ ನಿಮಿಷ ತಡ ಆದ್ರ ಕರಕಲ, ಒಂದ ನಿಮಿಷ ಮುಂಚೆ ಆದ್ರ ರಾಡಿ" ಅಂದ.

ಎಲ್ಲರೂ ಸೇರಿ ಕಡಾಯಿ ಎತ್ತಿ ಬಗ್ಗಿಸಿದರು. ಪಾಕ ತಣಿಯುವಾಗ ಕಬ್ಬಿನ ಎಲೆಯ ಮೇಲೆ ಎಲ್ಲರಿಗೂ ಒಂದೊಂದು ಚಮಚ ಬಿಸಿ ಬೆಲ್ಲ, ಜೊತೆಗೆ ಹುರಿದ ಶೇಂಗಾ. ಅತ್ತಿ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ರೊಕ್ಕ ಎಷ್ಟು ಅಂತ ಗೆಳೆಯ ಕೇಳಿದಾಗ ಎಲ್ಲರೂ ನಕ್ಕರು. ಕುಡಿದಷ್ಟು ಹಾಲಿಗೆ, ತಿಂದಷ್ಟು ಬೆಲ್ಲಕ್ಕೆ ಇಲ್ಲಿ ಲೆಕ್ಕವಿಲ್ಲ. ಮನೆಗೆ ಒಯ್ದರೆ ಮಾತ್ರ ತೂಕ.

ಅಕ್ಕ ಹೇಳಿದ್ದು

ಸಿಪ್ಪೆ ಹರವಿ ಒಣಗಿಸುವ ಕೆಲಸದಲ್ಲಿ ಒಬ್ಬ ಅಕ್ಕ ಇದ್ದರು. ಒಲೆಗೆ ಉರಿ ಹಾಕುತ್ತಿದ್ದವರು ಆಕೆಯ ಗಂಡ. ಊರಲ್ಲಿ ದೊಡ್ಡ ಕುಡುಕ ಅಂತ ಹೆಸರಾದವರು, ಅದನ್ನು ಅವರೇ ನಗುತ್ತ ಹೇಳಿಕೊಂಡರು. ಅಕ್ಕ ನಗಲಿಲ್ಲ.

"ಗಾಣ ಇರೂ ನಾಕ ತಿಂಗಳು ನಮ್ಮ ಮನ್ಯಾಗ ಜಗಳಿಲ್ಲ" ಅಂದರು. "ರಾತ್ರಿ ಪಾಳಿ ಇಲ್ಲೇ, ಊಟ ಇಲ್ಲೇ. ಕುಡದ್ರ ಮಾಲಕ್ರು ಒಳಗ ಬಿಡಂಗಿಲ್ಲ. ಪಗಾರಾನೂ ನನ್ನ ಕೈಯಾಗ ಕೊಡತಾರ. ಯುಗಾದಿ ಹತ್ತಿರ ಬಂತಂದ್ರ ನನಗ ಎದಿ ಢವಢವ ಅಂತೈತಿ ನೋಡ್ರಿ."

ಕುಡಿತ ಬಿಡಿಸುವ ಶಿಬಿರಗಳ ಬಗ್ಗೆ, ನಿಷೇಧದ ಬಗ್ಗೆ ನಾವು ಬೇಕಾದಷ್ಟು ಓದಿದ್ದೇವೆ. ಇಲ್ಲಿ ಶಿಬಿರವೂ ಇಲ್ಲ, ಭಾಷಣವೂ ಇಲ್ಲ. ಸಂಜೆಯಾದರೆ ಕೂಡಲು ಒಂದು ಜಾಗ, ಕೈಗೊಂದು ಕೆಲಸ, ಕುಡಿಯಲು ಒಂದು ಚರಿಗೆ ಹಾಲು ಇದೆ.

ಕಬ್ಬು ಹೋಗಿ ಬಾಟಲಿಯಾಗಿ ಬಂತು

ಮರುದಿನ ಬೆಳಿಗ್ಗೆ ಮಾಮಾನ ಬೈಕಿನಲ್ಲಿ ಗುರ್ಲಾಪುರ ಕ್ರಾಸ್‌ವರೆಗೆ ಹೋಗಿದ್ದೆ. 2025ರ ನವೆಂಬರಿನಲ್ಲಿ ನೀವು ಟಿವಿಯಲ್ಲಿ ನೋಡಿರುತ್ತೀರಿ. ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಅಂತ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕೂತಿದ್ದು ಇಲ್ಲೇ. ನವೆಂಬರ್ 7ರಂದು ಬೆಂಗಳೂರಿನಲ್ಲಿ ಸಭೆ ನಡೆದು 3,300 ಅಂತ ತೀರ್ಮಾನವಾಯಿತು. ಮಾಮಾನೂ ಎರಡು ರಾತ್ರಿ ಇಲ್ಲೇ ಮಲಗಿದ್ದ.

"ಅಲ್ಲೋ ಅಳಿಯಾ, ನಮ್ಮ ಕಬ್ಬು ತೂಗೂದು ಅವರ ಕಾಟಾ, ಸಕ್ಕರಿ ಎಷ್ಟ ಬಿತ್ತು ಅಂತ ಹೇಳೂದೂ ಅವರs. ನಾವು ಮೆಸೇಜ್ ಕಾಯಕೋತ ಕುಂದರೂದು" ಅಂದ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದೇಶ ಮಾಮಾನಿಗೆ ಬಾಯಿಪಾಠ.

ಕಾರ್ಖಾನೆಗೆ ಹೋದ ಒಂದು ಟನ್ ಕಬ್ಬು ಸುಮಾರು 100 ಕೆಜಿ ಸಕ್ಕರೆಯಾಗುತ್ತದೆ. ಜೊತೆಗೆ 40 ಕೆಜಿಗೂ ಹೆಚ್ಚು ಕಾಕಂಬಿ ಉಳಿಯುತ್ತದೆ. ಆ ಕಾಕಂಬಿಯನ್ನು ಹುಳಿ ಬರಿಸಿ, ಬಟ್ಟಿ ಇಳಿಸಿ ಸ್ಪಿರಿಟ್ ತೆಗೆಯುತ್ತಾರೆ. ಒಂದು ಭಾಗ ಎಥನಾಲ್ ಆಗಿ ನಿಮ್ಮ ಬೈಕಿನ ಪೆಟ್ರೋಲಿಗೆ ಸೇರುತ್ತದೆ. ಇನ್ನೊಂದು ಭಾಗ ರಮ್, ಅಗ್ಗದ ವಿಸ್ಕಿ, ಬ್ರಾಂಡಿಯಾಗಿ ಬಾಟಲಿ ಸೇರುತ್ತದೆ. ಇದೇ ಹೊಲದಿಂದ ಹೋದ ಕಬ್ಬು ಊರು ಸುತ್ತಿ, ಲೇಬಲ್ ಹಚ್ಚಿಕೊಂಡು, ಅಕ್ಕನ ಗಂಡನ ಕಿಸೆಗೆ ಕ್ವಾರ್ಟರ್ ಆಗಿ ವಾಪಸ್ ಬರಬಹುದು. ಬೆಳೆದ ಜಾಗದಲ್ಲೇ ಊರಿನವರು ಕಬ್ಬನ್ನು ಕುಡಿಯುವುದು ಗಾಣದಲ್ಲಿ ಮಾತ್ರ.

ಹಾಗಂತ ಕಾರ್ಖಾನೆಯನ್ನು ಬೈದು ಮುಗಿಸುವುದು ಸುಲಭವಲ್ಲ. ನಾಲ್ಕು ಎಕರೆ ಕಬ್ಬನ್ನು ಗಾಣವೊಂದೇ ನುಂಗಲಾರದು. ಮಾಮಾ ಮೂರು ಎಕರೆ ಕಾರ್ಖಾನೆಗೆ, ಒಂದು ಎಕರೆ ಗಾಣಕ್ಕೆ ಕೊಡುತ್ತಾನೆ. ಪೂರ್ತಿ ಕಾರ್ಖಾನೆಗೇ ಕೊಟ್ಟುಬಿಡು, ತಲೆಬಿಸಿ ಇಲ್ಲ ಅಂತ ಅವನ ಮಗ, ಬೆಳಗಾವಿಯಲ್ಲಿ ಬ್ಯಾಂಕಿನಲ್ಲಿರುವವನು, ವರ್ಷವೂ ಹೇಳುತ್ತಾನೆ.

ಗಾಣದ ಲೆಕ್ಕವನ್ನು ಮಾಲಕರು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ್ದರು. ಒಂದು ಟನ್ ಕಬ್ಬಿಗೆ ಬೆಲ್ಲ ಹೆಚ್ಚುಕಡಿಮೆ 100 ಕೆಜಿ. ಕೆಜಿಗೆ 40 ಸಿಕ್ಕರೆ 4,000. ಅದರಲ್ಲಿ ಆಳಿನ ಪಗಾರ, ಕರೆಂಟು, ಸಾಗಾಟ, ದಲಾಲಿ ತೆಗೆಯಬೇಕು. 35ಕ್ಕೆ ಇಳಿದರೆ 3,500. ಆಗ ಕಾರ್ಖಾನೆಯ 3,300ಕ್ಕೆ ಕಬ್ಬು ಕೊಟ್ಟು ಮನೆಯಲ್ಲಿ ಮಲಗುವುದೇ ಲಾಭ.

ಬೋರಲಾದ ಕಡಾಯಿ

ಆ ಲೆಕ್ಕ ಸೋತರೆ ಏನಾಗುತ್ತದೆ ಅಂತ ನೋಡಲು ಮಾಮಾ ನಮ್ಮನ್ನು ಹುಕ್ಕೇರಿ ತಾಲ್ಲೂಕಿನ ಬೀಗರ ಹೊಲಕ್ಕೆ ಕರೆದೊಯ್ದ. ತನ್ನ ಕರೆಂಟನ್ನು ತನ್ನದೇ ಸಹಕಾರಿ ಸಂಘದ ಮೂಲಕ ಹಂಚಿಕೊಳ್ಳುವ ತಾಲ್ಲೂಕು ಇದು. 1969ರಲ್ಲಿ ಹುಟ್ಟಿದ ಅಂಥ ಸಂಘಗಳು ದೇಶದಲ್ಲೇ ಬೆರಳೆಣಿಕೆಯಷ್ಟು. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯೂ ಸಹಕಾರಿಯದ್ದೇ. ಕೂಡಿ ಮಾಡುವುದು ಇಲ್ಲಿಯವರಿಗೆ ಹೊಸದಲ್ಲ.

ಬೀಗರ ಗಾಣ ಮಾತ್ರ ಮೂರು ವರ್ಷದಿಂದ ನಿಂತಿದೆ. ದೊಡ್ಡ ಕಡಾಯಿ ಹುಣಸೆ ಮರದ ಕೆಳಗೆ ಬೋರಲಾಗಿ ಬಿದ್ದಿತ್ತು, ಅದರ ಮೇಲೆ ಕೋಳಿ ಕೂತಿತ್ತು. "ಆಳು ಬರಲಿಲ್ಲ. ಎರಡನೇದು, ಬಣ್ಣ" ಅಂದರು ಬೀಗರು.

ಬಣ್ಣದ ವಿಷಯ ನಮ್ಮಂಥ ಪೇಟೆಯವರಿಗೆ ಸಂಬಂಧಿಸಿದ್ದು. ಬರೀ ಸುಣ್ಣ, ಬೆಂಡಿ ಲೋಳೆ ಹಾಕಿದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ. ಮಾರುಕಟ್ಟೆಗೆ ಬೇಕಾದದ್ದು ಬಂಗಾರದ ಹಳದಿ. ಅದಕ್ಕೆ 'ಹೈಡ್ರೋ' ಅಂತ ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಪುಡಿ ಹಾಕುತ್ತಾರೆ. ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ ದಾಟಬಾರದು ಅನ್ನುವುದು ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ. ಚಮಚದ ಅಳತೆ ಇಲ್ಲದೆ ಮುಷ್ಟಿಯಲ್ಲಿ ಹಾಕಿದರೆ ಮಿತಿ ಎಲ್ಲಿ ಉಳಿಯುತ್ತದೆ? ಬೀಗರು ಪುಡಿ ಹಾಕಲು ಒಪ್ಪಲಿಲ್ಲ. ಕಂದು ಬೆಲ್ಲಕ್ಕೆ ಪೇಟೆಯಲ್ಲಿ ಕಡಿಮೆ ರೇಟು ಕಟ್ಟಿದರು. ಎರಡು ವರ್ಷ ನಷ್ಟ ತಿಂದು ಒಲೆ ಆರಿಸಿದರು.

ವಾಪಸ್ ಬರುವಾಗ ಗೋಕಾಕದಲ್ಲಿ ಕರದಂಟು ಕಟ್ಟಿಸಿಕೊಂಡೆವು. ಅಂಟು, ಒಣಕೊಬ್ಬರಿ, ಗೋಡಂಬಿ ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಬೆಲ್ಲದ ಪಾಕ. ಅಂಗಡಿಯ ಅಣ್ಣನಿಗೆ ಗೆಳೆಯ ಕೇಳಿದ ಮೊದಲ ಪ್ರಶ್ನೆ: "ಬೆಲ್ಲ ಯಾವ ಗಾಣದ್ದು?"

ನೀವು ಹೋಗುವುದಾದರೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಸಮಯ. ಬೋರ್ಡು, ಬುಕಿಂಗ್ ಏನೂ ಇರುವುದಿಲ್ಲ. ಹಳ್ಳಿಯ ಚಹಾದ ಅಂಗಡಿಯಲ್ಲಿ "ಗಾಣ ಎಲ್ಲಿ ಹೂಡ್ಯಾರ್ರಿ?" ಅಂದರೆ ಸಾಕು. ಸಂಜೆ ಹೋಗಿ, ಪಾಕ ಇಳಿಯುವವರೆಗೆ ಕೂಡಿ. ಮಕ್ಕಳ ಕೈ ಬಿಡಬೇಡಿ, ಫೋಟೋ ತೆಗೆಯಲು ಕಡಾಯಿಯ ಅಂಚಿಗೆ ಹೋಗಬೇಡಿ. ಹಾಲು ಪುಕ್ಕಟೆ ಅಂತ ಕುಡಿದು ಎದ್ದು ಬರಬೇಡಿ. ಐದು ಕೆಜಿ ಕಂದು ಬೆಲ್ಲ ಕೊಂಡು ಬನ್ನಿ, ಅವರು ಹೇಳಿದ ರೇಟಿಗೇ. ಬಾಟಲಿಯನ್ನಂತೂ ಒಯ್ಯಲೇಬೇಡಿ.

ನಮ್ಮ ಆಫೀಸಿನಲ್ಲಿ ಹದಿನೆಂಟು ಜನ ಸೇರಿ ಒಂದು ಕ್ವಿಂಟಲ್ ತರಿಸಿದೆವು. ದಲಾಲಿ ಇಲ್ಲದೆ ಮಾಲಕರಿಗೆ ಕೆಜಿಗೆ 60 ರೂಪಾಯಿ ಸಿಕ್ಕಿತು. ಒಂದು ಕ್ವಿಂಟಲ್‌ನಿಂದ ಗಾಣ ಉಳಿಯುವುದಿಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಕನಿಷ್ಠ ಹತ್ತು ರೈತರು ತಲಾ ಒಂದು ಎಕರೆ ಕಬ್ಬು ಕೊಡುತ್ತೇವೆ ಅಂತ ಮಾತು ಕೊಟ್ಟರೆ ಮುಂದಿನ ವರ್ಷ ಹೂಡುತ್ತೇನೆ ಅಂತ ಅವರು ಊರಲ್ಲಿ ಹೇಳಿಟ್ಟಿದ್ದಾರೆ. ಮಾಮಾ ಮೊದಲು ಮಾತು ಕೊಟ್ಟ. ಮಗನಿಗೆ ಇನ್ನೂ ಹೇಳಿಲ್ಲ.

ಮೊನ್ನೆ ಬೆಲ್ಲದ ಹಣ ಕಳಿಸಿ ಫೋನ್ ಮಾಡಿದೆ. "ಎಷ್ಟ ಮಂದಿ ಆದ್ರು ಕಾಕಾ?" ಅಂದೆ.

"ಆರು" ಅಂದರು. "ಯುಗಾದಿ ಮಟಾ ಕಾಯತೀನಿ."